ಕಾವಲು ಹುಟ್ಟುವುದು ಹಕ್ಕಿನಿಂದ

ಹೊನ್ನಾವರ ತಾಲ್ಲೂಕಿನ ಅಪ್ಸರಕೊಂಡ ಬಹುಕಾಲ ಜಲಪಾತ, ಗುಹೆ ಮತ್ತು ಗುಡ್ಡದ ಮೇಲಿನ ಸೂರ್ಯಾಸ್ತದಿಂದಲೇ ಹೆಸರಾಗಿತ್ತು. ಈಗ ಅದರ ಹೆಸರಿಗೆ ಇನ್ನೊಂದು ತೂಕ ಬಂದಿದೆ. ಅಪ್ಸರಕೊಂಡ–ಮುಗಳಿ ಕಡಲತೀರ ಮತ್ತು ಅದಕ್ಕೆ ಹೊಂದಿದ ಸಮುದ್ರವನ್ನು, ಒಟ್ಟು ಸುಮಾರು 5,960 ಹೆಕ್ಟೇರ್ ಪ್ರದೇಶವನ್ನು, ರಾಜ್ಯ ಸರ್ಕಾರ ಸಾಗರ ವನ್ಯಜೀವಿ ಧಾಮವೆಂದು ಗುರುತಿಸಿದೆ. ಕರ್ನಾಟಕಕ್ಕೆ ಇದು ಇಂಥ ಮೊದಲ ಧಾಮ. ಪಕ್ಕದ ಕಾಸರಕೋಡು ಕಡಲತೀರಕ್ಕೆ 2020ರಲ್ಲಿಯೇ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಸಿಕ್ಕಿದೆ. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಏರಿ ಬರುವುದು ಇದೇ ಮರಳಿಗೆ.

ಹೆಣ್ಣಾಮೆ ಮರಳು ತೋಡಿ ನೂರರ ಆಸುಪಾಸು ಮೊಟ್ಟೆಯಿಟ್ಟು, ಮುಚ್ಚಿ, ಕಡಲಿಗೆ ಇಳಿದರೆ ಮತ್ತೆ ಗೂಡಿನತ್ತ ತಿರುಗಿ ಬರುವುದಿಲ್ಲ. ಮುಂದಿನ 45ರಿಂದ 60 ದಿನ ಆ ಮೊಟ್ಟೆಗಳಿಗೆ ನಾಯಿ, ನರಿ, ಮನುಷ್ಯ ಎಲ್ಲರಿಂದಲೂ ಅಪಾಯ. ಅರಣ್ಯ ಇಲಾಖೆಯ ಸಿಬ್ಬಂದಿ ಇಡೀ ತೀರವನ್ನು ಪ್ರತಿ ರಾತ್ರಿ ಸುತ್ತುವುದು ಸಾಧ್ಯವಿಲ್ಲ. ಬೆಳಗಿನ ಜಾವ ದೋಣಿ ಇಳಿಸಲು ಬಂದ ಮೀನುಗಾರ ಮರಳಿನ ಮೇಲೆ ಆಮೆಯ ಹೆಜ್ಜೆ ಗುರುತಿಸಿ ಸುದ್ದಿ ಮುಟ್ಟಿಸಿದರೆ ಮಾತ್ರ ಗೂಡಿಗೆ ಬಲೆಯ ಬೇಲಿ ಬೀಳುತ್ತದೆ, ಮರಿಗಳು ಕಡಲು ಸೇರುತ್ತವೆ. ಧಾಮದ ಭವಿಷ್ಯವೆಲ್ಲ ನಿಂತಿರುವುದು ಒಂದು ಪ್ರಶ್ನೆಯ ಮೇಲೆ: ಆ ಮೀನುಗಾರ ಸುದ್ದಿಯನ್ನು ಏಕೆ ಮುಟ್ಟಿಸಬೇಕು?

ನಮ್ಮ ಆಡಳಿತಕ್ಕೆ ಇಂಥ ಪ್ರಶ್ನೆಗೆ ಗೊತ್ತಿರುವ ಉತ್ತರಗಳು ಎರಡೇ: ದಂಡ ಮತ್ತು ದುಡ್ಡು. ಕಡಲಾಮೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತ್ಯುನ್ನತ ರಕ್ಷಣೆಯಿದೆ. ಅದಕ್ಕೆ ಕೇಡು ಮಾಡಿದವರಿಗೆ ಮೂರರಿಂದ ಏಳು ವರ್ಷ ಜೈಲು ಕಾದಿದೆ. ಈ ಭಯ ಬೇಟೆಗಾರನ ಕೈ ತಡೆಯಬಹುದು. ಆದರೆ ಸುಮ್ಮನೆ ಹಾದುಹೋಗುವವನನ್ನು ನಿಲ್ಲಿಸಿ ಗೂಡು ಕಾಯಿಸುವ ಶಕ್ತಿ ಭಯಕ್ಕಿಲ್ಲ. ಸುದ್ದಿ ಹೇಳದೆ ಹೋದವನಿಗೆ ಯಾವ ಕಾಯ್ದೆಯೂ ಶಿಕ್ಷೆ ಕೊಡಲಾರದು.

ದುಡ್ಡಿನ ಕಥೆ ಇನ್ನೂ ಸೂಕ್ಷ್ಮವಾದದ್ದು. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಆಕಾರ ಜೋಡಿಸುವ ಒಗಟುಗಳನ್ನು ಕೊಟ್ಟರು. ಒಂದು ಗುಂಪಿಗೆ ನಡುವಿನ ಸುತ್ತಿನಲ್ಲಿ ಮಾತ್ರ, ಬಿಡಿಸಿದ ಪ್ರತಿ ಒಗಟಿಗೂ ಒಂದು ಡಾಲರ್ ಕೊಡಲಾಯಿತು. ಮುಂದಿನ ಸುತ್ತಿನಲ್ಲಿ ಹಣ ನಿಂತಾಗ, ಬಿಡುವಿನ ವೇಳೆಯಲ್ಲಿ ಒಗಟಿಗೆ ಕೈ ಹಾಕುವ ಉತ್ಸಾಹ ಆ ಗುಂಪಿನಲ್ಲಿ ಮೊದಲಿಗಿಂತ ಇಳಿದಿತ್ತು. ಖುಷಿಗಾಗಿ ಮಾಡುತ್ತಿದ್ದುದು ಕೂಲಿಯ ಕೆಲಸವಾಗಿ ಮಾರ್ಪಟ್ಟಿತ್ತು.

ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳಲ್ಲಿ ಅರ್ಥಶಾಸ್ತ್ರಜ್ಞರಾದ ಉರಿ ನೀಜಿ ಮತ್ತು ಆಲ್ಡೊ ರುಸ್ಟಿಚಿನಿ ಕಂಡದ್ದೂ ಇದನ್ನೇ. ಸಂಜೆ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ಅಲ್ಲಿ ದಂಡ ಹಾಕಿದರು. ತಡವಾಗಿ ಬರುವವರ ಸಂಖ್ಯೆ ಕಡಿಮೆಯಾಗುವ ಬದಲು ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಶಿಕ್ಷಕಿಯನ್ನು ಕಾಯಿಸಬಾರದು ಎಂಬ ಸಂಕೋಚ ಇದ್ದಲ್ಲಿ, ದುಡ್ಡು ಕೊಟ್ಟಿದ್ದೇವಲ್ಲ ಎಂಬ ನಿರಾಳ ಬಂದು ಕೂತಿತ್ತು. ದಂಡ ರದ್ದಾದ ಮೇಲೂ ಹಳೆಯ ಸಂಕೋಚ ಮರಳಲಿಲ್ಲ. 2000ದಲ್ಲಿ ಪ್ರಕಟವಾದ ಈ ಅಧ್ಯಯನ ನಮ್ಮ ಯೋಜನೆ ರೂಪಿಸುವವರ ಮೇಜಿನ ಮೇಲೆ ಇರಬೇಕಾದದ್ದು.

ಹಾಗಾದರೆ ಮನುಷ್ಯನನ್ನು ಒಳಗಿನಿಂದ ಎಬ್ಬಿಸುವುದು ಯಾವುದು? ಡೆಸಿ ಮತ್ತು ಅವರ ಸಹೋದ್ಯೋಗಿ ರಿಚರ್ಡ್ ರಯಾನ್ ದಶಕಗಳ ಅಧ್ಯಯನದ ನಂತರ ಮೂರು ಅಗತ್ಯಗಳನ್ನು ಹೆಸರಿಸಿದರು. ನಿರ್ಧಾರ ತನ್ನದು ಎಂಬ ಸ್ವಾಯತ್ತತೆ, ಇದು ತನ್ನಿಂದ ಆಗುತ್ತದೆ ಎಂಬ ಸಾಮರ್ಥ್ಯದ ಅರಿವು, ತನ್ನ ಜನರ ಜೊತೆಗಿದ್ದೇನೆ ಎಂಬ ಒಡನಾಟ. ಈ ಮೂರು ಇದ್ದಲ್ಲಿ ಜನ ಯಾರೂ ನೋಡದಿದ್ದರೂ ಕೆಲಸ ಮಾಡುತ್ತಾರೆ. ಇವು ಒಣಗಿದಲ್ಲಿ ಸಂಬಳವೂ ಕಾವಲೂ ಇರುವವರೆಗೆ ಮಾತ್ರ ಮಾಡುತ್ತಾರೆ.

ಈ ಮಾತಿಗೆ ಪುರಾವೆ ಹುಡುಕಲು ದೂರ ಹೋಗಬೇಕಿಲ್ಲ. ಅದು ಪಕ್ಕದ ಕುಮಟಾ ತಾಲ್ಲೂಕಿನಲ್ಲಿಯೇ ಇದೆ. ಉತ್ತರ ಕನ್ನಡ ಮುಂಬೈ ಪ್ರಾಂತ್ಯದಲ್ಲಿದ್ದ 1920ರ ದಶಕದಲ್ಲಿ, ಕಾಲಿನ್ಸ್ ಎಂಬ ಅಧಿಕಾರಿಯ ವರದಿಯ ನಂತರ, ಹಳಕಾರ, ಕಲ್ಲಬ್ಬೆ ಮತ್ತು ಚಿತ್ರಗಿ ಊರುಗಳಿಗೆ ತಮ್ಮ ಸುತ್ತಲಿನ ಕಾಡನ್ನು ತಾವೇ ನೋಡಿಕೊಳ್ಳುವ ಅವಕಾಶ ಸಿಕ್ಕಿತು. ಊರವರೇ ಸಮಿತಿ ಕಟ್ಟಿಕೊಂಡರು. ಎಷ್ಟು ಸೊಪ್ಪು, ಎಷ್ಟು ದರಕು, ಎಷ್ಟು ಒಣ ಕಟ್ಟಿಗೆ ಎಂಬ ನಿಯಮವನ್ನು ತಾವೇ ಮಾಡಿದರು. ಹಳಕಾರದವರು ತಾವೇ ಹಣ ಕೂಡಿಸಿ ಕಾವಲುಗಾರನನ್ನು ಇಟ್ಟರು. ರಾಜ್ಯ ಪುನರ್ವಿಂಗಡಣೆಯ ನಂತರ ಹೊಸ ಆಡಳಿತ ಈ ಸಮಿತಿಗಳನ್ನು ಬರಖಾಸ್ತು ಮಾಡಲು ಹೊರಟಿತು. ಹಳಕಾರದವರು ನ್ಯಾಯಾಲಯದ ಮೆಟ್ಟಿಲೇರಿ ತಮ್ಮ ಸಮಿತಿಯನ್ನು ಉಳಿಸಿಕೊಂಡರು, ಅವರ ಕಾಡೂ ಉಳಿಯಿತು. ಚಿತ್ರಗಿಯ ಸಮಿತಿ ಹೋಯಿತು, ಅದರ ಹಿಂದೆಯೇ ಅಲ್ಲಿನ ಕಾಡೂ ಹೋಯಿತು.

ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ದಾಖಲಿಸಿದ ಈ ಪ್ರಕರಣ ಮನೋವಿಜ್ಞಾನದ ಯಾವ ಪ್ರಯೋಗಕ್ಕೂ ಕಡಿಮೆಯದಲ್ಲ. ಒಂದೇ ತಾಲ್ಲೂಕು, ಒಂದೇ ಬಗೆಯ ಜನ, ಒಂದೇ ಬಗೆಯ ಬಡತನ. ವ್ಯತ್ಯಾಸವಿದ್ದದ್ದು ಒಂದರಲ್ಲಿ ಮಾತ್ರ: ನಿರ್ಧರಿಸುವ ಹಕ್ಕು ಯಾರ ಕೈಯಲ್ಲಿತ್ತು ಎಂಬುದರಲ್ಲಿ. ದಶಕಗಟ್ಟಲೆ ಮರ ಕಾಯ್ದ ಊರು ಹಕ್ಕು ಹೋದೊಡನೆ ಕಾಯುವುದನ್ನು ಬಿಟ್ಟಿತು. ಅದನ್ನು ಜನರ ದುರಾಸೆ ಎಂದು ಬರೆದುಬಿಡುವುದು ಸುಲಭ. ಆದರೆ ನಾಳೆ ಬೇರೆಯವರದಾಗುವ ಮರವನ್ನು ಇಂದು ಉಳಿಸಿ ಏನು ಫಲ ಎಂಬ ಹತಾಶೆ ಅಲ್ಲಿತ್ತು. ಸಮುದಾಯಗಳು ಸಾಮೂಹಿಕ ಸಂಪತ್ತನ್ನು ಸ್ವಂತ ನಿಯಮಗಳಿಂದ ಶತಮಾನಗಟ್ಟಲೆ ಉಳಿಸಿಕೊಂಡ ಬಗೆಯನ್ನು ತೋರಿಸಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಹಳಕಾರದವರು ಆ ಪಾಠವನ್ನು ಬಹಳ ಮೊದಲೇ ಬದುಕಿ ತೋರಿಸಿದ್ದರು.

ಈ ಜಿಲ್ಲೆಯ ಚರಿತ್ರೆಯಲ್ಲಿ ಇದು ಒಂಟಿ ಉದಾಹರಣೆಯೂ ಅಲ್ಲ. 1930ರ ದಶಕದ ಕರ ನಿರಾಕರಣೆ ಚಳವಳಿಯಲ್ಲಿ ಅಂಕೋಲಾ ಮತ್ತು ಸಿದ್ದಾಪುರದ ರೈತರು ಜಮೀನನ್ನೇ ಕಳೆದುಕೊಂಡರು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಲ್ಕಣಿಯ ಜನ ಕೊಡಲಿಗೆ ಅಡ್ಡ ನಿಂತು ಮರಗಳನ್ನು ಅಪ್ಪಿಕೊಂಡರು. ಲಾಭ ನಷ್ಟದ ಲೆಕ್ಕದಿಂದ ಈ ಎರಡನ್ನೂ ವಿವರಿಸಲಾಗದು. ಆ ಹೋರಾಟಗಳು ತಮ್ಮವು ಎಂದು ಜನ ನಂಬಿದ್ದರು.

ಈಗ ಕಡಲತೀರಕ್ಕೆ ಬರೋಣ. ಅಪ್ಸರಕೊಂಡದ ಉತ್ತರಕ್ಕೆ ಶರಾವತಿ ಸಮುದ್ರ ಸೇರುವಲ್ಲಿ ಕಾಸರಕೋಡು ಟೊಂಕವಿದೆ. ಅಲ್ಲಿನ ಖಾಸಗಿ ಬಂದರು ಯೋಜನೆಯನ್ನು ಮೀನುಗಾರರು ವರ್ಷಗಳಿಂದ ವಿರೋಧಿಸುತ್ತಿದ್ದಾರೆ. ಪ್ರತಿಭಟನೆಗಳಾಗಿವೆ, ಬಂಧನಗಳಾಗಿವೆ. ಯೋಜನೆ ಬೇಕೋ ಬೇಡವೋ ಎಂಬ ವಾದ ಏನೇ ಇರಲಿ, ಮನೋವಿಜ್ಞಾನದ ಕಣ್ಣಿಗೆ ಇಲ್ಲೊಂದು ದೊಡ್ಡ ವಿರೋಧಾಭಾಸ ಕಾಣುತ್ತದೆ. ಆಮೆಯ ಗೂಡು ಕಾಯಬೇಕಾದಾಗ ಈ ತೀರ ನಿಮ್ಮದು ಎನ್ನುತ್ತೇವೆ. ತೀರದಲ್ಲಿ ಏನು ಕಟ್ಟಬೇಕೆಂದು ತೀರ್ಮಾನಿಸುವಾಗ ಅದೇ ಜನರನ್ನು ಹೊರಗೆ ನಿಲ್ಲಿಸುತ್ತೇವೆ.

ಹೊರಗಿಟ್ಟವರಿಗೆ ಪರಿಹಾರ ಕೊಟ್ಟರೆ ಸಾಲದೇ ಎಂದು ಕೇಳುವವರು ಸ್ವಿಟ್ಜರ್ಲೆಂಡಿನ ವೋಲ್ಫೆನ್‌ಷೀಸೆನ್ ಎಂಬ ಹಳ್ಳಿಯ ಅನುಭವವನ್ನು ಗಮನಿಸಬೇಕು. ಊರಿನ ಬಳಿ ಅಣು ತ್ಯಾಜ್ಯದ ಸಂಗ್ರಹಾಗಾರಕ್ಕೆ ಒಪ್ಪುವಿರಾ ಎಂದು ಸಮೀಕ್ಷೆಯಲ್ಲಿ ಕೇಳಿದಾಗ ಶೇ 51ರಷ್ಟು ಜನ ಒಪ್ಪಿದ್ದರು. ದೇಶಕ್ಕಾಗಿ ಯಾರಾದರೂ ಹೊರಲೇಬೇಕಾದ ಭಾರ ಎಂಬ ಭಾವನೆ ಅವರಲ್ಲಿತ್ತು. ಒಪ್ಪಿದರೆ ವರ್ಷವರ್ಷ ಹಣ ಕೊಡುತ್ತೇವೆ ಎಂದು ಸೇರಿಸಿ ಕೇಳಿದಾಗ ಒಪ್ಪಿಗೆ ಶೇ 25ಕ್ಕೆ ಕುಸಿಯಿತು. ನಾಗರಿಕರಾಗಿ ಯೋಚಿಸುತ್ತಿದ್ದವರನ್ನು ಹಣದ ಮಾತು ಮಾರಾಟಗಾರರನ್ನಾಗಿ ಮಾಡಿತ್ತು.

ಇದನ್ನೆಲ್ಲ ಹೇಳುವಾಗ ಒಂದು ಎಚ್ಚರ ಅಗತ್ಯ. ಬಡವರ ಒಳ್ಳೆಯತನವನ್ನು ಹೊಗಳಿ, ಅವರಿಂದ ಪುಕ್ಕಟೆ ಕೆಲಸ ತೆಗೆಯುವುದು ಅನ್ಯಾಯ. ಬಲೆಯಲ್ಲಿ ಸಿಕ್ಕ ಆಮೆಯನ್ನು ಬಿಡಿಸಲು ಬಲೆ ಕತ್ತರಿಸಿದ ಮೀನುಗಾರನಿಗೆ ಆಗುವ ನಷ್ಟ ನಿಜವಾದದ್ದು. ಮಹಾರಾಷ್ಟ್ರ ಸರ್ಕಾರ 2018ರಲ್ಲಿ ಇಂಥವರಿಗೆ ಗರಿಷ್ಠ ₹25,000 ಪರಿಹಾರ ಕೊಡುವ ಯೋಜನೆ ತಂದಿತು. ಇಂಥ ಹಣ ಮನಸ್ಸನ್ನು ಕೆಡಿಸುವುದಿಲ್ಲ. ನಷ್ಟ ತುಂಬಿಕೊಡುವ ಹಣಕ್ಕೂ ನಡತೆಗೆ ಬೆಲೆ ಕಟ್ಟುವ ಹಣಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಗೌರವ ಕೊಡುತ್ತದೆ, ಎರಡನೆಯದು ಅದನ್ನು ಕಸಿಯುತ್ತದೆ. ರತ್ನಾಗಿರಿ ಜಿಲ್ಲೆಯ ವೇಳಾಸ್ ಗ್ರಾಮದಲ್ಲಿ ಹಿಂದೆ ಕಡಲಾಮೆಯ ಮೊಟ್ಟೆ ಅಗೆದು ಒಯ್ಯುತ್ತಿದ್ದರು. ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆ ಊರವರನ್ನು ಜೊತೆಗೆ ಕರೆದುಕೊಂಡು ಕೆಲಸ ಮಾಡಿದ ಮೇಲೆ ಅಲ್ಲೀಗ ಮರಿಗಳನ್ನು ಕಡಲಿಗೆ ಬಿಡುವುದನ್ನು ನೋಡಲು ಪ್ರವಾಸಿಗರು ಬರುತ್ತಾರೆ, ಊರಿನ ಮನೆಗಳಲ್ಲಿಯೇ ತಂಗುತ್ತಾರೆ. ಆದಾಯ ಕಾವಲನ್ನು ಹಿಂಬಾಲಿಸಿ ಬಂತು.

ಆದ್ದರಿಂದ ಅಪ್ಸರಕೊಂಡ–ಮುಗಳಿ ಧಾಮದ ನಿರ್ವಹಣಾ ಯೋಜನೆಯನ್ನು ಕಚೇರಿಯಲ್ಲಿ ಬರೆದು ತೀರದಲ್ಲಿ ಓದಿ ಹೇಳುವ ಪದ್ಧತಿ ಬೇಡ. ಮೀನುಗಾರ ಸಂಘಗಳು, ಮೀನು ಮಾರುವ ಹೆಂಗಸರು, ಗ್ರಾಮ ಪಂಚಾಯಿತಿಗಳು ಅದನ್ನು ಬರೆಯುವ ಹಂತದಲ್ಲಿಯೇ ಕೂರಲಿ. ಸಾಂಪ್ರದಾಯಿಕ ಮೀನುಗಾರಿಕೆಯ ಹಕ್ಕು ಏನು, ಎಲ್ಲಿಯವರೆಗೆ ಎಂಬುದು ಲಿಖಿತವಾಗಿ ಇರಲಿ. ಗೂಡು ಗುರುತಿಸುವ, ಮರಿ ಎಣಿಸುವ ತರಬೇತಿ ಊರಿನ ಯುವಕ ಯುವತಿಯರಿಗೆ ಸಿಗಲಿ, ಆ ದಾಖಲೆಯಲ್ಲಿ ಅವರ ಹೆಸರಿರಲಿ. ಬಲೆ ಕತ್ತರಿಸಿದವರಿಗೆ ಪರಿಹಾರ ತಡವಿಲ್ಲದೆ ತಲುಪಲಿ. ತೀರದ ರೆಸಾರ್ಟ್‌ಗಳ ಮತ್ತು ಬೀದಿಯ ದೀಪಗಳು ಮರಿಗಳ ದಾರಿ ತಪ್ಪಿಸುತ್ತವೆ. ಮರಿಗಳು ಹೊರಬರುವ ಕಾಲದಲ್ಲಿ ಆ ದೀಪಗಳನ್ನು ಆರಿಸುವ ನಿಯಮವನ್ನು ಊರೇ ಮಾಡಲಿ.

ಕಾಡು, ಕಡಲು, ಕೆರೆ ಯಾವುದೇ ಇರಲಿ, ಕಾಯುವ ಮನಸ್ಸನ್ನು ಸರ್ಕಾರ ಕೊಂಡುಕೊಳ್ಳಲಾರದು, ಹೆದರಿಸಿಯೂ ಪಡೆಯಲಾರದು. ನಿರ್ಧರಿಸುವ ಹಕ್ಕನ್ನು ಹಂಚಿಕೊಂಡರೆ ಅದು ತಾನಾಗಿ ಬರುತ್ತದೆ. ಹಳಕಾರ ಮತ್ತು ಚಿತ್ರಗಿಯ ಫಲಿತಾಂಶ ನಮ್ಮ ಮುಂದಿದೆ. ಕರ್ನಾಟಕದ ಮೊದಲ ಸಾಗರ ಧಾಮ ಹಳಕಾರದ ದಾರಿಯನ್ನೇ ಹಿಡಿಯಬೇಕು.