ಮಾವನ ಮೊಬೈಲಿನಲ್ಲಿ ಹಾರಿದ ವಿಮಾನ

ಹೋದ ಮಳೆಗಾಲದಲ್ಲಿ ಊರಿಗೆ ಹೋಗಿದ್ದೆ. ಊರು ಅಂದ್ರೆ ಕಿಗ್ಗ, ಶೃಂಗೇರಿಯಿಂದ ಸುಮಾರು ಹತ್ತು ಕಿಲೋಮೀಟರ್. ಮಳೆ ತರಿಸುವ ಋಷ್ಯಶೃಂಗನ ಊರು, ಹಾಗಾಗಿ ಅಲ್ಲಿ ಮಳೆ ಹೇಗಿತ್ತು ಅಂತ ಬೇರೆ ಹೇಳೋದು ಬೇಡ.

ಜಗಲಿಯಲ್ಲಿ ಕೂತು ಹಲಸಿನ ಹಪ್ಪಳ ತಿನ್ನುವಾಗ ಮಾವ ಮೊಬೈಲ್ ಮುಂದೆ ಹಿಡಿದರು. ವಾಟ್ಸಾಪಿನಲ್ಲಿ ಬಂದ ವೀಡಿಯೊ. ಗೋಪುರದ ಆಕಾರದ ವಾಹನವೊಂದು ಮೋಡಗಳ ನಡುವೆ ತೇಲಿಹೋಗ್ತಿತ್ತು.

"ನಮ್ಮವ್ರು ಸಾವಿರಾರು ವರ್ಷದ ಹಿಂದೇ ಮಾಡಿದ್ರು. ನೀವು ಬೆಂಗ್ಳೂರಲ್ಲಿ ಕೂತು ಎಂತ ಮಾಡ್ತೀರ ಮಾರಾಯ?"

ನೋಡಿದ ಕೂಡಲೇ ಗುರುತು ಸಿಕ್ಕಿತು, ಅದು 'ವೈಮಾನಿಕ ಶಾಸ್ತ್ರ'ದ ರುಕ್ಮ ವಿಮಾನ. ಆ ಪುಸ್ತಕ ನಮ್ಮ ಕರ್ನಾಟಕದ್ದೇ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಹೇಳಿ ಬರೆಸಿದ್ದು. ಚಿತ್ರಗಳನ್ನು ಅವರ ಮಾರ್ಗದರ್ಶನದಲ್ಲಿ ಎಲ್ಲಪ್ಪ ಎಂಬ ಡ್ರಾಫ್ಟ್ಸ್‌ಮನ್ ಬರೆದರು. 1973ರಲ್ಲಿ ಮೈಸೂರಿನ ಜಿ. ಆರ್. ಜೋಸ್ಯರ್ ಇಂಗ್ಲಿಷ್ ಅನುವಾದ ಪ್ರಕಟಿಸಿದರು. ಮರುವರ್ಷವೇ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ನಾಲ್ವರು ಸಂಗಡಿಗರು ಅದನ್ನು ಕೂಲಂಕಷವಾಗಿ ಪರೀಕ್ಷಿಸಿದರು. ಭಾಷೆ ವೇದಕಾಲದ್ದಲ್ಲ, ಪಠ್ಯ 1904ಕ್ಕಿಂತ ಹಳೆಯದಲ್ಲ, ಚಿತ್ರದಲ್ಲಿರುವ ಯಾವ ವಿಮಾನವೂ ಹಾರಲಾರದು ಅಂತ ಹೇಳಿದರು.

ಇಷ್ಟನ್ನೂ ಮಾವನಿಗೆ ಹೇಳಬಹುದಿತ್ತು. ಹೇಳಿದ್ರೆ ಅವರು ಮಾತು ನಿಲ್ಲಿಸಿ ಒಳಗೆ ಹೋಗ್ತಿದ್ರು, ನಾನು ಗೆದ್ದೆ ಅಂದ್ಕೊಳ್ತಿದ್ದೆ. ಅಷ್ಟೇ.

ಬದಲಿಗೆ ಬೇರೆ ಏನೋ ನೆನಪಾಯ್ತು. ಮಾವ ಪ್ರಾಯದಲ್ಲಿ ಊರ ಆಟದಲ್ಲಿ ವೇಷ ಮಾಡಿದವರು. "ಮಾವ, ನೀವು ರಾವಣ ಮಾಡಿದಾಗ ಪುಷ್ಪಕ ವಿಮಾನ ಹಾರಿತ್ತಾ?" ಅಂದೆ.

"ಹಾರದೆ ಎಂತ! ಚೆಂಡೆ ಪೆಟ್ಟಿಗೆ ರಂಗಸ್ಥಳದಲ್ಲಿ ಎರಡು ಸುತ್ತು ಹಾಕಿದ್ರೆ ಆಯ್ತು. ನೋಡಿದವ್ರಿಗೆ ಹಾರಿತ್ತು."

ನನ್ನ ವಾದ ಇಷ್ಟೇ. ಆಟ ನೋಡುವವರಿಗೆ ವಿಮಾನ ಇಲ್ಲ ಅಂತ ಗೊತ್ತು, ಆದರೂ ಅದು ಹಾರಿದ್ದನ್ನು ಅವರು ನೋಡಿರ್ತಾರೆ. ಅಲ್ಲಿ ಯಾರೂ ಯಾರಿಗೂ ಮೋಸ ಮಾಡಿಲ್ಲ. ಕೊಡಗಿನ ಕಲಾವಿದ ಕಿರಣ್ ಸುಬ್ಬಯ್ಯ 2003ರಲ್ಲಿ ಮಾಡಿದ 'ಫ್ಲೈಟ್ ರಿಹರ್ಸಲ್ಸ್' ಎಂಬ ವೀಡಿಯೊ ಕಲಾಕೃತಿಯದ್ದೂ ಇದೇ ದಾರಿ. ಕ್ಯಾಮೆರಾ ಮುಂದೆ ಮನುಷ್ಯನೊಬ್ಬ ಹಾರುವ ತಾಲೀಮು. ಹೆಸರಲ್ಲೇ ತಾಲೀಮು ಅಂತಿದೆ. ಇಂಥ ಸಾಧನಕ್ಕೆ ಪೇಟೆಂಟ್ ಕೊಡಿ ಅಂತ ಅದು ಯಾರನ್ನೂ ಕೇಳೋದಿಲ್ಲ.

ಹಾರುವ ಕಾರಿನ ಕನಸಿನಲ್ಲಿ ತಪ್ಪೇನಿಲ್ಲ. ಅಮೆರಿಕದ ಮೌಲ್ಟನ್ ಟೇಲರ್ 1949ರಲ್ಲಿ ಏರೋಕಾರ್ ಕಟ್ಟಿ ನಿಜಕ್ಕೂ ಹಾರಿಸಿದರು. ಆದರೆ ಬೆರಳೆಣಿಕೆಯಷ್ಟು ಮಾತ್ರ ತಯಾರಾದವು. ರಸ್ತೆಗೆ ಗಟ್ಟಿ ಬಂಪರು, ಭಾರದ ಚಕ್ರ ಬೇಕು. ಆಕಾಶಕ್ಕೆ ಒಂದೊಂದು ಕಿಲೋ ಕಡಿಮೆಯಾದಷ್ಟೂ ಒಳ್ಳೆಯದು. ಎರಡನ್ನೂ ಒಂದರಲ್ಲೇ ತರೋದು ಕಷ್ಟ. 1982ರ 'ಬ್ಲೇಡ್ ರನ್ನರ್' ಸಿನಿಮಾ 2019ರಲ್ಲಿ ಹಾರುವ ಕಾರುಗಳನ್ನು ತೋರಿಸಿತ್ತು. 2019 ಬಂದು ಹೋಯ್ತು, ನಾನು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲೇ ಇದ್ದೆ :)

ಸಿನಿಮಾದ ಮೇಲೆ ನನಗೆ ಸಿಟ್ಟಿಲ್ಲ, ಅದು ಕಥೆ ಅಂತ ಹೇಳಿಯೇ ತೋರಿಸಿತು. ಸಿಟ್ಟು ಬರೋದು ಕಥೆಯನ್ನು ಇತಿಹಾಸ ಅಂತ ಹಂಚಿದಾಗ. 2015ರಲ್ಲಿ ಮುಂಬಯಿಯ ವಿಜ್ಞಾನ ಕಾಂಗ್ರೆಸ್ಸಿನಲ್ಲೂ ಪ್ರಾಚೀನ ವಿಮಾನದ ಪ್ರಬಂಧ ಮಂಡನೆಯಾಯ್ತು. ನಮ್ಮ ಕಸುಬೂ ಕಮ್ಮಿಯಿಲ್ಲ ಬಿಡಿ, ಇನ್ನೂ ಬರೆಯದ ಸಾಫ್ಟ್‌ವೇರಿಗೆ ಅನಿಮೇಶನ್ ಮಾಡಿ 'ಡೆಮೋ' ಅಂತ ತೋರಿಸಿದ ಪಾಪ ನನಗೂ ಅಂಟಿದೆ.

ಎಲ್ಲಪ್ಪನವರ ಆ ಚಿತ್ರಗಳು ನಿಜವಾಗಿ ಚೆಂದ ಇವೆ. ಶಕುನ ವಿಮಾನಕ್ಕೆ ರೆಕ್ಕೆ, ಬಾಲ ಎಲ್ಲ ಇದೆ. ಅವನ್ನು ದೊಡ್ಡ ಪರದೆಗಳ ಮೇಲೆ ಚಲಿಸುವಂತೆ ಮಾಡಿ, ಹಿಂದೆ ಚೆಂಡೆ ಇಟ್ಟು, ಕತ್ತಲ ಕೋಣೆಯಲ್ಲಿ ತೋರಿಸಿದರೆ ನಾನೇ ಮೊದಲು ಹೋಗಿ ನೋಡ್ತೇನೆ. ಬಾಗಿಲಲ್ಲಿ 1923 ಅಂತ ಇಸವಿ, ಬರೆದವರ ಹೆಸರು ಇದ್ರೆ ಸಾಕು. ನೂರು ವರ್ಷದ ಹಿಂದೆ ಬೆಂಗಳೂರಿನಲ್ಲಿ ಕೂತು ಇಬ್ಬರು ಇಷ್ಟು ಕನಸು ಕಂಡರಲ್ಲ ಅನ್ನೋದೇ ಹೆಮ್ಮೆ ಪಡೋ ವಿಷಯ ಅಲ್ವಾ? ಸಾವಿರಾರು ವರ್ಷ ಹಿಂದಕ್ಕೆ ತಳ್ಳಿ ಆ ಇಬ್ಬರಿಗೆ ಸಿಗಬೇಕಾದ್ದನ್ನೂ ಕಸಿದುಕೊಳ್ತಿದ್ದೇವೆ.

ಮಾವನಿಗೆ ಇದನ್ನೇ ಹೇಳಿದೆ. ವೀಡಿಯೊ ಇನ್ನೊಮ್ಮೆ ನೋಡಿ "ಹೆಜ್ಜೆ ಸರಿ ಇಲ್ಲ" ಅಂದ್ರು. ಆದರೆ ಡಿಲೀಟ್ ಮಾಡಿದ ಹಾಗೆ ಕಾಣ್ಲಿಲ್ಲ.

ನಿಮ್ಮನೇಲೂ ಇಂಥ ಮಾವ ಇರ್ತಾರೆ. ನೀವು ಏನು ಹೇಳ್ತೀರಿ ಅವರಿಗೆ?