ಗಾಳಕ್ಕೆ ಸಿಕ್ಕಿದ್ದು ಯಾರು?

ಟೆಕ್ಸಾಸ್‌ನಲ್ಲಿರುವ ನನ್ನ ಗೆಳೆಯರಿಗೆ ವಾರಾಂತ್ಯ ಬಂತೆಂದರೆ ಬ್ಯಾಸ್ ಹುಚ್ಚು. ಆಫೀಸಿನ ಬಾಸ್ ಅಲ್ಲ ಕಣ್ರೀ, ಬ್ಯಾಸ್ ಅನ್ನೋ ಮೀನು. ಹಿಡಿದು ಸಾರು ಮಾಡ್ತಾರೆ ಅಂದ್ಕೊಂಡ್ರೆ ಅದೂ ಇಲ್ಲ. ತೂಕ ಹಾಕಿ ವಾಪಸ್ ನೀರಿಗೆ ಬಿಡ್ತಾರೆ. ಇರಲಿ, ನಾನೂ ಹೋಗ್ತೀನಿ. ನನ್ನ ತಕರಾರು ಇರೋದು ಇವರು ಟೂರ್ನಮೆಂಟ್ ಆರಿಸೋ ರೀತಿಯ ಬಗ್ಗೆ. ಒಂದು ಮೊಬೈಲ್ ಕೊಳ್ಳೋಕೆ ಹದಿನೈದು ವಿಮರ್ಶೆ ಓದೋ ಜನ, ಪೋಸ್ಟರ್‌ನಲ್ಲಿ '50,000 ಡಾಲರ್' ಅಂತ ಕಂಡ ಕೂಡಲೇ ಕಾರ್ಡ್ ಉಜ್ಜಿಬಿಡ್ತಾರೆ.

ಆ ಅಂಕಿಯ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಇನ್ನೊಂದು ಸಾಲು ಇರಬಹುದು, ನೋಡಿ: ಇಷ್ಟು ದೋಣಿ ಬಂದರೆ ಮಾತ್ರ. ಬರದಿದ್ದರೆ ಬಹುಮಾನ ಕುಗ್ಗುತ್ತೆ, ಎಂಟ್ರಿ ಫೀ ಮಾತ್ರ ಕುಗ್ಗಲ್ಲ. ಸುಮ್ನೆ ಒಂದು ಲೆಕ್ಕ ಹಾಕಿ. 100 ದೋಣಿ, ತಲಾ 200 ಡಾಲರ್, ಒಟ್ಟು 20,000. ಅದರಲ್ಲಿ 12,000 ಹಂಚಿದರೆ, ಗಾಳ ನೀರಿಗೆ ಬೀಳೋ ಮೊದಲೇ ಪ್ರತಿ ದೋಣಿ 80 ಡಾಲರ್ ಕಳ್ಕೊಂಡಾಯ್ತು. ಹಂಚೋದರಲ್ಲಿ ಅರ್ಧ ಮೊದಲ ಸ್ಥಾನಕ್ಕೇ ಹೋದರೆ ಹತ್ತನೆಯವನಿಗೆ ಪೆಟ್ರೋಲ್ ಖರ್ಚೂ ಹುಟ್ಟಲ್ಲ. ಸಂಘಟಕರಿಗೆ ಖರ್ಚಿಲ್ವಾ ಅಂತೀರಿ. ಇದೆ, ಖಂಡಿತ ಇದೆ. ಅದನ್ನೇ ಬರೆದು ಹೇಳಲಿ. ಕಳೆದ ವರ್ಷ ಒಬ್ಬರನ್ನು 'ಶೇಕಡಾ ಎಷ್ಟು ವಾಪಸ್ ಕೊಡ್ತೀರಿ ಸಾರ್' ಅಂತ ಕೇಳಿದ್ದಕ್ಕೆ, ಟೀಶರ್ಟ್ ಉಚಿತ ಅಂತ ಉತ್ತರ ಬಂತು!

'ದುಡ್ಡಿಗಲ್ಲ ಮಾರಾಯ, ಖುಷಿಗೆ' ಅನ್ನೋರಿಗೆ ಒಂದೇ ಪ್ರಶ್ನೆ. ಖುಷಿಗಾದರೆ ಲೈಸೆನ್ಸ್ ಸಾಕಲ್ಲ, ಕೆರೆ ಅಲ್ಲೇ ಇದೆ.

ಎದುರಾಳಿ ಯಾರು ಅಂತಲೂ ನೋಡಬೇಕು. ಐದು ಮೀನಿನ ಒಟ್ಟು ತೂಕದ ಪಂದ್ಯದಲ್ಲಿ, ವರ್ಷವಿಡೀ ಅದೇ ನೀರಲ್ಲಿ ಗೈಡ್ ಕೆಲಸ ಮಾಡೋನ ಎದುರು ಶನಿವಾರದ ಸಾಫ್ಟ್‌ವೇರ್ ಇಂಜಿನಿಯರ್ ಏನು ಕಿಸಿದಾನು? ಗಂಟೆಗೊಮ್ಮೆ ಅತಿ ದೊಡ್ಡ ಒಂದೇ ಮೀನಿಗೆ ಬಹುಮಾನ ಕೊಡೋ ಬಿಗ್ ಬ್ಯಾಸ್ ಸ್ಪ್ಲಾಶ್‌ನಂಥ ಪಂದ್ಯದಲ್ಲಾದರೆ ಅದೃಷ್ಟಕ್ಕೂ ಸ್ವಲ್ಪ ಜಾಗ ಇದೆ.

ಇನ್ನು ಮೋಸ. 2022ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಗೆದ್ದ ಮೀನುಗಳ ಹೊಟ್ಟೆ ಕೊಯ್ದರೆ ಸೀಸದ ಗುಂಡು! ಅದು ವಾಲೈ ಮೀನಿನ ಪಂದ್ಯ, ಆದರೆ ದುರ್ಬುದ್ಧಿಗೆ ಜಾತಿ ಇಲ್ಲ. ಇಬ್ಬರೂ ಜೈಲು ನೋಡಿದರು. ಬಹುಮಾನ ದೊಡ್ಡದಿದ್ದು, ನಿಯಮಪಟ್ಟಿಯಲ್ಲಿ ಸುಳ್ಳುಪತ್ತೆ ಪರೀಕ್ಷೆಯ ಮಾತೇ ಇಲ್ಲದಿದ್ದರೆ ನಾನು ಆ ಕಡೆ ತಲೆ ಹಾಕಲ್ಲ.

ಎಲ್ಲಕ್ಕಿಂತ ಸಿಟ್ಟು ಬರೋದು ಆಗಸ್ಟ್ ಮಧ್ಯಾಹ್ನದ ಪಂದ್ಯಗಳ ಮೇಲೆ. 1967ರಲ್ಲಿ ಅರ್ಕನ್ಸಾಸ್‌ನ ಬೀವರ್ ಲೇಕ್‌ನಲ್ಲಿ ತಲಾ 100 ಡಾಲರ್ ಕಟ್ಟಿಸಿಕೊಂಡು ಈ ಆಟಕ್ಕೆ ರೂಪ ಕೊಟ್ಟ ರೇ ಸ್ಕಾಟ್ ಅವರೇ, 1972ರಲ್ಲಿ ಮೀನನ್ನು ಜೀವಂತ ಬಿಡಿ ಅಂದರು. ಆದರೆ ಬಿಸಿನೀರಲ್ಲಿ ಹಿಡಿದು, ದೋಣಿಯ ತೊಟ್ಟಿಯಲ್ಲಿ ಗಂಟೆಗಟ್ಟಲೆ ಇಟ್ಟು, ಚೀಲದಲ್ಲಿ ತೂಕದ ಸಾಲಿಗೆ ಹೊತ್ತು ತಂದ ಮೀನು ಈಜಿಕೊಂಡು ಹೋದಂತೆ ಕಂಡರೂ ಎರಡು ದಿನ ಬಿಟ್ಟು ಸಾಯಬಹುದು. ಆಗ ಅಲ್ಲಿ ಫೋಟೋ ತೆಗೆಯೋರು ಯಾರೂ ಇರಲ್ಲ. 2019ರಲ್ಲಿ ಶುರುವಾದ ಬ್ಯಾಸ್ ಪ್ರೋ ಟೂರ್‌ನಲ್ಲಿ ದೋಣಿಯಲ್ಲೇ ತೂಗಿ ಆ ಕ್ಷಣವೇ ಬಿಡ್ತಾರೆ. ಅಷ್ಟು ದೊಡ್ಡವರಿಗೆ ಸಾಧ್ಯ ಅಂದ್ಮೇಲೆ ಊರ ಪಂದ್ಯದವರಿಗೆ ಏನು ಕಷ್ಟ?

ನಾನಂತೂ ಅಕ್ಟೋಬರಿನ ಕ್ಲಬ್ ಪಂದ್ಯಕ್ಕೆ ಹೆಸರು ಕೊಟ್ಟಿದ್ದೀನಿ. ಫೀ 40 ಡಾಲರ್, ಬಂದ ದುಡ್ಡೆಲ್ಲ ವಾಪಸ್ ಹಂಚಿಕೆ. ಟೀಶರ್ಟ್ ಇಲ್ಲ.