ಹೆಲಿಕಾಪ್ಟರು ಯಾರಿಗಾಗಿ?



2020ರ ಫೆಬ್ರವರಿಯಲ್ಲಿ ನಲವತ್ತು ದಿನಗಳ ಶಿಶುವೊಂದನ್ನು ಹೃದಯದ ಶಸ್ತ್ರಚಿಕಿತ್ಸೆಗಾಗಿ ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಸುಮಾರು ನಾಲ್ಕೂವರೆ ಗಂಟೆಯಲ್ಲಿ ಆಂಬುಲೆನ್ಸಿನಲ್ಲಿ ತಲುಪಿಸಿದ್ದು ನಿಮಗೆ ನೆನಪಿರಬಹುದು. ದಾರಿಯುದ್ದಕ್ಕೂ ಪೊಲೀಸರು ಸಂಚಾರ ತಡೆದರು. ಊರೂರಿನ ಜನ ದಾರಿ ಬಿಟ್ಟುಕೊಟ್ಟರು. ಆ ಚಾಲಕನಿಗೆ ನನ್ನ ನಮಸ್ಕಾರ. ಆದರೆ ಆ ‘ಜೀರೋ ಟ್ರಾಫಿಕ್’ ದೃಶ್ಯವನ್ನು ಇಂದಿಗೂ ಹೆಮ್ಮೆಯಿಂದ ಕಳುಹಿಸುವ ನಿಮ್ಮಲ್ಲಿ ಕೆಲವರೊಡನೆ ನನಗೆ ಜಗಳವಿದೆ. ಹಸುಗೂಸೊಂದನ್ನು ಘಟ್ಟ ಹತ್ತಿಸಿ 350 ಕಿಲೋಮೀಟರಿಗೂ ಮಿಕ್ಕಿ ಹೀಗೆ ಓಡಿಸಬೇಕಾಗಿ ಬಂದದ್ದು ನಾಚಿಕೆಯ ಸಂಗತಿಯೆಂದೇ ನನ್ನ ಎಣಿಕೆ.

ನಮ್ಮ ಉತ್ತರ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುಮಟೆಯಿಂದ ಮಣಿಪಾಲಕ್ಕೆ ಸುಮಾರು 145 ಕಿಲೋಮೀಟರು. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸು ಬೈಂದೂರು ಬಳಿಯ ಶಿರೂರಿನ ಟೋಲ್ ಗೇಟಿಗೆ ಅಪ್ಪಳಿಸಿ ನಾಲ್ವರು ತೀರಿಕೊಂಡರು. 2024ರ ಜುಲೈಯಲ್ಲಿ ಇನ್ನೊಂದು ಶಿರೂರಿನಲ್ಲಿ, ಅಂಕೋಲೆಯದರಲ್ಲಿ, ಗುಡ್ಡವೇ ಕುಸಿದು ಹೆದ್ದಾರಿ ಹಲವು ದಿನ ಮುಚ್ಚಿತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗುವೂ ಇದೇ ದಾರಿಯಲ್ಲಿ ಹೋಯಿತು. ಹೆಸರು ಬರೆಯಲಾರೆ, ಅವನೂ ಈ ಪುಟ ಓದುತ್ತಾನೆ. ಹುಟ್ಟಿ ಎರಡೇ ದಿನ, ಉಸಿರಾಟದ ತೊಂದರೆ. ಬಾಡಿಗೆಯ ವಾಹನದಲ್ಲಿ ಇದ್ದುದು ಒಂದು ಆಮ್ಲಜನಕದ ಸಿಲಿಂಡರು, ಒಬ್ಬ ಚಾಲಕ. ವೈದ್ಯರಿಲ್ಲ, ದಾದಿಯಿಲ್ಲ, ಶಿಶುವನ್ನು ಬೆಚ್ಚಗಿಡುವ ಪೆಟ್ಟಿಗೆಯಿಲ್ಲ. ಅಜ್ಜಿ ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡು ಕುಳಿತಿದ್ದರು. ಆಸ್ಪತ್ರೆಯ ಬಾಗಿಲಲ್ಲಿ ವೈದ್ಯರಾಡಿದ ಮೊದಲ ಮಾತು, “ಮೈ ತಣ್ಣಗಾಗಿಬಿಟ್ಟಿದೆ.” ಮರುದಿನ ಬೆಳಗಿನವರೆಗೂ ಅದು ಉಳಿಯಲಿಲ್ಲ.

“ಹೆಲಿಕಾಪ್ಟರು ಶ್ರೀಮಂತರ ಸೊತ್ತು ಸರ್, ಸರಕಾರಕ್ಕೆ ಹೇಗೆ ಸಾಧ್ಯ?” ಎಂದು ಒಬ್ಬರು ಕೇಳಿದರು. ಚುನಾವಣೆಯ ಕಾಲದಲ್ಲಿ ನಮ್ಮ ಶಾಲೆಯ ಮೈದಾನಕ್ಕೆ ಟ್ಯಾಂಕರಿನಿಂದ ನೀರು ಹೊಡೆದು ಧೂಳಡಗಿಸಿ, ಸುಣ್ಣದಲ್ಲಿ ವೃತ್ತ ಎಳೆದು, ನಡುವೆ ‘ಎಚ್’ ಬರೆದದ್ದನ್ನು ನಿಮ್ಮಲ್ಲಿ ಅನೇಕರು ಕಂಡವರೇ. ಆ ವೃತ್ತಕ್ಕೆ ತ್ರಿಜ್ಯ ಅಳೆದುಕೊಟ್ಟವನು ನಾನೇ! ಭಾಷಣಕಾರರಿಗೆ ಇಳಿಯಲು ಜಾಗವಿದ್ದ ಊರಿನಲ್ಲಿ ಕೂಸಿಗೆ ಏರಲು ಜಾಗವಿಲ್ಲವೆ? ಋಷಿಕೇಶದ ಏಮ್ಸ್ ಆಸ್ಪತ್ರೆಯಿಂದ 2024ರ ಅಕ್ಟೋಬರಿನಲ್ಲಿ ಹೆಲಿಕಾಪ್ಟರ್ ಆಂಬುಲೆನ್ಸ್ ಆರಂಭವಾಯಿತು. ಅದೇ ವರ್ಷ ಮಧ್ಯಪ್ರದೇಶವು ಆಯುಷ್ಮಾನ್ ಕಾರ್ಡು ಉಳ್ಳವರಿಗೆ ಉಚಿತವಾದ ವಾಯು ಆಂಬುಲೆನ್ಸನ್ನು ತಂದಿತು. ಅವೇನೂ ಕರ್ನಾಟಕಕ್ಕಿಂತ ಸಿರಿವಂತ ರಾಜ್ಯಗಳಲ್ಲ.

ಯಂತ್ರವನ್ನು ಮಂತ್ರವೆಂದು ನಂಬಿದವನಲ್ಲ ನಾನು. 2025ರ ಮೇ ತಿಂಗಳಲ್ಲಿ ಋಷಿಕೇಶದ ಆ ಹೆಲಿಕಾಪ್ಟರೇ ಕೇದಾರನಾಥದಲ್ಲಿ ಇಳಿಯುವಾಗ ಅಪಘಾತಕ್ಕೀಡಾಯಿತು. ಪುಣ್ಯಕ್ಕೆ ಒಳಗಿದ್ದವರು ಬದುಕಿದರು. ನಮ್ಮ ಆಷಾಢದ ಮೋಡದಲ್ಲಂತೂ ಅದು ಹಾರಲಾರದ ದಿನಗಳೇ ಬಹಳ. ಆದ್ದರಿಂದ ಮೊದಲು ಬೇಕಾದದ್ದು ತಂಡ. ಲಂಡನ್ನಿನಲ್ಲಿ 2001ರಿಂದ ಇಂಥದೊಂದು ಸೇವೆಯಿದೆ. ಮಕ್ಕಳ ತೀವ್ರನಿಗಾ ವೈದ್ಯರೂ ದಾದಿಯರೂ ಮಗುವಿರುವ ಸಣ್ಣ ಆಸ್ಪತ್ರೆಗೇ ಹೋಗುತ್ತಾರೆ. ಉಸಿರು, ಮೈಬಿಸಿ, ರಕ್ತದ ಸಕ್ಕರೆ ಇವನ್ನು ಹತೋಟಿಗೆ ತಂದ ಬಳಿಕವೇ ಹೊರಡುತ್ತಾರೆ. ಅಲ್ಲಿಯೂ ಹೆಚ್ಚಿನ ಪಯಣ ರಸ್ತೆಯಲ್ಲೇ. ಅಂಥ ತಂಡವೊಂದು ಕಾರವಾರದ ವೈದ್ಯಕೀಯ ಕಾಲೇಜಿನಲ್ಲಿ ಏಕಿರಬಾರದು? ಮಳೆಗಾಲದಲ್ಲಿ ವಾಹನ, ಬಾನು ತಿಳಿಯಾದಾಗ ಹೆಲಿಕಾಪ್ಟರು. ಎರಡರಲ್ಲೂ ಅದೇ ಜನ, ಅದೇ ಬೆಚ್ಚನೆಯ ಪೆಟ್ಟಿಗೆ.

ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬರಲಿ ಎನ್ನುವವರಿಗೂ ನನ್ನ ಸಹಮತವಿದೆ. ಬಂದರೂ, ಹಸುಗೂಸಿನ ಹೃದಯಕ್ಕೆ ಶಸ್ತ್ರಚಿಕಿತ್ಸೆ ಮಾಡಬಲ್ಲವರು ಊರಿಗೊಬ್ಬರಂತೆ ಸಿಗಲಾರರು. ಒಯ್ಯುವ ಕೆಲಸ ತಪ್ಪದು.

ಜಿಲ್ಲಾಧಿಕಾರಿಗಳಿಗೂ ಆರೋಗ್ಯ ಸಚಿವರಿಗೂ ಮನವಿಯೊಂದನ್ನು ಬರೆದಿದ್ದೇನೆ. ಆ ವಿದ್ಯಾರ್ಥಿಯೇ ಮೊದಲ ಸಹಿ ಹಾಕಿದ್ದಾನೆ. ಊರಿಗೆ ಬಂದವರು ಭಾನುವಾರ ಬೆಳಿಗ್ಗೆ ಮನೆಗೆ ಬಂದು ಸಹಿ ಹಾಕಿರಿ. ಕಾಗುಣಿತದ ತಪ್ಪು ಕಂಡರೆ ಈ ಬಾರಿ ನೀವು ತಿದ್ದಬಹುದು.